ಕಂಟ್ರೋಲ್ ಝಡ್‌ನಿಂದ ಮೊದಲು ಕೈ ತೆಗೆಯಿರಿ: ವೀಡಿಯೊ ಎಡಿಟಿಂಗ್‌ನಲ್ಲಿ ಆದ ತಪ್ಪು ಸರಿಮಾಡುವುದು ಹೇಗೆ

ಹೋದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ, ನನ್ನ ಜೊತೆ ಎಡಿಟಿಂಗ್ ಕಲಿಯುತ್ತಿದ್ದ ಹುಡುಗ ಒಳಗಿನ ಕೋಣೆಯಿಂದ ಕೂಗಿದ. "ಅಣ್ಣಾ, ಎಲ್ಲ ಹೋಯ್ತು!"

ನಾನು ಹೋಗಿ ನೋಡುವಾಗ ಅವನ ಎಡಗೈ ಕಂಟ್ರೋಲ್ ಝಡ್ ಮೇಲೆ, ಅಂದರೆ ಮಾಡಿದ್ದನ್ನು ಒಂದೊಂದು ಹೆಜ್ಜೆ ಹಿಂದಕ್ಕೆ ತರುವ ಅನ್‌ಡೂ ಕೀಗಳ ಮೇಲೆ, ಟಪಟಪ ಬಡಿಯುತ್ತಿತ್ತು. ಮುಖ ಬಿಳಿಚಿಕೊಂಡಿತ್ತು.

"ಎಂತ ಆಯ್ತು ಮಾರಾಯ? ಕೈ ತೆಗಿ ಮೊದಲು."

ಮೂಡುಬಿದಿರೆ ಕಡೆಯ ಒಂದು ಮದುವೆಯ ವೀಡಿಯೊ ಅದು. ಧಾರೆಯ ಹೊತ್ತಿನ ಒಂದು ಕ್ಲಿಪ್ ಅವನ ಕೈಯಲ್ಲಿ ಡಿಲೀಟ್ ಆಗಿತ್ತು. ಕೂಡಲೇ ಕಂಟ್ರೋಲ್ ಝಡ್ ಒತ್ತಿದ. ಕ್ಲಿಪ್ ವಾಪಸ್ ಬಂದಿತ್ತು ಕೂಡ. ಆದರೆ ಅಷ್ಟರಲ್ಲಿ ಅವನು ಟೈಮ್‌ಲೈನ್‌ನಲ್ಲಿ, ಅಂದರೆ ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸಿಡುವ ಪಟ್ಟಿಯಲ್ಲಿ, ಬೇರೆ ಕಡೆಗೆ ಸರಿದಿದ್ದ, ಹಾಗಾಗಿ ಬಂದದ್ದು ಕಣ್ಣಿಗೆ ಬೀಳಲಿಲ್ಲ. ಆಗಲಿಲ್ಲ ಅಂದುಕೊಂಡು ಮತ್ತೆ ಒತ್ತಿದ, ಮತ್ತೆ ಒತ್ತಿದ, ಒತ್ತುತ್ತಲೇ ಹೋದ, ಬೆಳಿಗ್ಗೆಯಿಂದ ಕೂತು ಮಾಡಿದ ಕೆಲಸವೆಲ್ಲ ಒಂದೊಂದಾಗಿ ಬಿಚ್ಚಿಕೊಂಡು ಹೋಯಿತು. ಅಲ್ಲಿಗೆ ನಿಲ್ಲಿಸಿದ್ದರೂ ಏನೂ ಆಗುತ್ತಿರಲಿಲ್ಲ. ರೀಡೂ ಒತ್ತಿದರೆ ಎಲ್ಲ ವಾಪಸ್ ಬರುತ್ತಿತ್ತು. ಅವನು ಗಾಬರಿಯಲ್ಲಿ ಒಂದು ಕ್ಲಿಪ್ಪನ್ನು ಮೌಸ್‌ನಲ್ಲಿ ಹಿಡಿದು ಸ್ವಲ್ಪ ಪಕ್ಕಕ್ಕೆ ಎಳೆದ. ಅಷ್ಟೇ, ರೀಡೂ ಮಸುಕಾಗಿ ಕೂತುಬಿಟ್ಟಿತು.

ನೋಡಿ, ಡಿಲೀಟ್ ಆದ ಕ್ಲಿಪ್‌ನಿಂದ ಅವನಿಗೆ ಒಂದು ಪೈಸೆಯ ನಷ್ಟ ಇರಲಿಲ್ಲ. ನಷ್ಟ ಆದದ್ದು ಅದರ ನಂತರದ ಎರಡು ನಿಮಿಷದಲ್ಲಿ. ಈ ಕೆಲಸದಲ್ಲಿ ನಾನು ಕಂಡ ದೊಡ್ಡ ನಷ್ಟಗಳು ಹೆಚ್ಚಿನವು ಹೀಗೆಯೇ ಆದದ್ದು, ತಪ್ಪಿನಿಂದ ಅಲ್ಲ, ತಪ್ಪು ಆದ ಮೇಲೆ ಸುಮ್ನೆ ಕೂರಲು ಆಗದೆ ಮಾಡಿದ್ದರಿಂದ. ಅದಕ್ಕೇ ಇದನ್ನು ಇಷ್ಟು ಉದ್ದ ಬರೆಯುತ್ತಿದ್ದೇನೆ. ಆ ಹುಡುಗನ ಕೆಲಸ ಆ ದಿನ ಹೇಗೆ ಉಳಿಯಿತು ಅಂತ ಮುಂದೆ ಹೇಳುತ್ತೇನೆ.

ಅನ್‌ಡೂ ನಡೆಯುವ ರೀತಿ

ಮಂಗಳೂರಿನಿಂದ ಉಡುಪಿಗೆ ಬಸ್ಸಲ್ಲಿ ಹೊರಟಿದ್ದೀರಿ ಅಂದುಕೊಳ್ಳಿ. ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿ, ಉಡುಪಿ. ನೀವು ಮಾಡುವ ಒಂದೊಂದು ಕೆಲಸ, ಅಂದರೆ ಒಂದು ಕಟ್, ಒಂದು ಡಿಲೀಟ್, ಒಂದು ಎಳೆತ, ಒಂದೊಂದು ಸ್ಟಾಪ್ ಇದ್ದ ಹಾಗೆ. ಅನ್‌ಡೂ ಒತ್ತಿದರೆ ಒಂದು ಸ್ಟಾಪ್ ಹಿಂದೆ. ರೀಡೂ ಒತ್ತಿದರೆ ಒಂದು ಸ್ಟಾಪ್ ಮುಂದೆ. ಉಡುಪಿಯಿಂದ ಪಡುಬಿದ್ರಿಗೆ ಹಿಂದೆ ಬಂದರೂ ಅದೇ ದಾರಿಯಲ್ಲಿ ಮತ್ತೆ ಉಡುಪಿಗೆ ಹೋಗಬಹುದು. ಆದರೆ ಪಡುಬಿದ್ರಿಯಲ್ಲಿ ಇಳಿದು ಕಾರ್ಕಳದ ಬಸ್ ಹತ್ತಿದಿರೋ, ನಿಮ್ಮ ದಾರಿಯಲ್ಲಿ ಇನ್ನು ಕಾಪುವೂ ಇಲ್ಲ, ಉಡುಪಿಯೂ ಇಲ್ಲ. ಹಿಂದೆ ಹೋದ ಮೇಲೆ ಮಾಡುವ ಒಂದೇ ಒಂದು ಹೊಸ ಬದಲಾವಣೆ ಆ ಕಾರ್ಕಳದ ಬಸ್. ಮುಂದಿದ್ದ ಹೆಜ್ಜೆಗಳನ್ನೆಲ್ಲ ಸಾಫ್ಟ್‌ವೇರ್ ಅಲ್ಲಿಗೇ ಮರೆತುಬಿಡುತ್ತದೆ.

ಹಾಗಾಗಿ ತಪ್ಪು ಆಯಿತು ಅಂತ ಗೊತ್ತಾದ ಕೂಡಲೇ ಕೀಬೋರ್ಡು, ಮೌಸು ಎರಡರಿಂದಲೂ ಕೈ ತೆಗೆಯಿರಿ. ಒಮ್ಮೆ ಉಸಿರು ಬಿಡಿ. ಆಮೇಲೆ ಟೈಮ್‌ಲೈನ್ ಇಡೀ ಕಾಣುವ ಹಾಗೆ ಮಾಡಿಕೊಳ್ಳಿ. ಪ್ರೀಮಿಯರ್ ಪ್ರೊ, ಡಾವಿಂಚಿ ರಿಸಾಲ್ವ್ ನಮ್ಮಲ್ಲಿ ಹೆಚ್ಚಿನವರು ಬಳಸುವ ಎಡಿಟಿಂಗ್ ಸಾಫ್ಟ್‌ವೇರ್‌ಗಳು. ಪ್ರೀಮಿಯರ್ ಪ್ರೊದಲ್ಲಿ ಬ್ಯಾಕ್‌ಸ್ಲ್ಯಾಶ್ ಕೀ ಒತ್ತಿದರೆ ಇಡೀ ಟೈಮ್‌ಲೈನ್ ಪರದೆಯೊಳಗೆ ಕೂರುತ್ತದೆ, ಡಾವಿಂಚಿ ರಿಸಾಲ್ವ್‌ನಲ್ಲಿ ಶಿಫ್ಟ್ ಝಡ್. ಇದು ಬರೀ ನೋಟ ಬದಲಿಸುತ್ತದೆ, ನಿಮ್ಮ ಕೆಲಸವನ್ನು ಮುಟ್ಟುವುದಿಲ್ಲ. ಈಗ ಕಂಟ್ರೋಲ್ ಝಡ್ ಒಮ್ಮೆ ಒತ್ತಿ. ಎಲ್ಲಿ ಏನು ಬದಲಾಯಿತು ಅಂತ ನೋಡಿ. ಮತ್ತೆ ಒಮ್ಮೆ. ನೋಡುತ್ತಾ ಒತ್ತಬೇಕು, ಮುಖ್ಯ ಅದೇ. ಜಾಸ್ತಿ ಹಿಂದೆ ಹೋಯಿತಾ? ಈ ಎರಡರಲ್ಲೂ ರೀಡೂಗೆ ಕಂಟ್ರೋಲ್ ಶಿಫ್ಟ್ ಝಡ್. ಮ್ಯಾಕ್ ಇರುವವರು ಕಂಟ್ರೋಲ್ ಅಂದ ಕಡೆಯೆಲ್ಲ ಕಮಾಂಡ್ ಅಂತ ಓದಿಕೊಳ್ಳಿ.

ಮೂರೋ ನಾಲ್ಕೋ ಹೆಜ್ಜೆ ಹಿಂದೆ ಹೋಗುವುದಾದರೆ ಇಷ್ಟು ಸಾಕು. ಒಂದು ಗಂಟೆ ಹಿಂದೆ ಮಾಡಿದ ತಪ್ಪು ಈಗ ಕಂಡಿತು ಅಂದರೆ ಸುಮ್ನೆ ಹಿಂದೆ ಹೋಗುತ್ತಾ ಇರಬೇಡಿ. ಮಧ್ಯದಲ್ಲಿ ಮಾಡಿದ ಒಳ್ಳೆ ಕೆಲಸವೂ ಅದರ ಜೊತೆ ಹೋಗುತ್ತದೆ ಅಲ್ವಾ. ಮೊದಲು ಈಗ ಹೇಗಿದೆಯೋ ಹಾಗೆಯೇ ಪ್ರಾಜೆಕ್ಟಿನ ಒಂದು ಕಾಪಿ ಉಳಿಸಿ. ಪ್ರೀಮಿಯರ್‌ನಲ್ಲಿ ಫೈಲ್ ಮೆನುವಿನಲ್ಲೇ ಸೇವ್ ಎ ಕಾಪಿ ಅಂತ ಇದೆ. ಅದಾದ ಮೇಲೆ ಧೈರ್ಯವಾಗಿ ಹಿಂದೆ ಹೋಗಿ, ಬೇಕಾದ ಜಾಗ ಸಿಕ್ಕಿದ ಕೂಡಲೇ ಅದನ್ನು ಸೇವ್ ಆ್ಯಸ್‌ನಲ್ಲಿ ಬೇರೆ ಹೆಸರು ಕೊಟ್ಟು ಉಳಿಸಿ. ಈಗ ನಿಮ್ಮ ಕೈಯಲ್ಲಿ ಎರಡು ಪ್ರಾಜೆಕ್ಟ್ ಉಂಟು, ಒಂದರಲ್ಲಿ ಹಾಳಾಗದ ಹಳೇ ಭಾಗ, ಇನ್ನೊಂದರಲ್ಲಿ ಆಮೇಲೆ ಮಾಡಿದ ಹೊಸ ಕೆಲಸ. ಪ್ರೀಮಿಯರ್‌ನಲ್ಲಿ ಎರಡನ್ನೂ ಒಟ್ಟಿಗೆ ತೆರೆದು, ಹಳೇದರಲ್ಲಿ ಬೇಕಾದ ಕ್ಲಿಪ್‌ಗಳನ್ನು ಕಾಪಿ ಮಾಡಿ ಹೊಸದರಲ್ಲಿ ಪೇಸ್ಟ್ ಮಾಡಬಹುದು. ಐದು ನಿಮಿಷದ ಕೆಲಸ.

ಚೆಂಡೆ ಒಂದು ಕಡೆ, ಕುಣಿತ ಒಂದು ಕಡೆ

ಅನ್‌ಡೂ ಒತ್ತಿ ಸರಿಮಾಡಲು ಆಗದ ತಪ್ಪುಗಳೂ ಇವೆ. ಅಂಥದ್ದನ್ನು ನಾನು ಕಲಿತದ್ದು ಯಕ್ಷಗಾನದ ಒಂದು ಹರಕೆ ಆಟದ ವೀಡಿಯೊದಲ್ಲಿ. ರಾತ್ರಿ ಆಟ, ಮೂರು ಕ್ಯಾಮೆರಾ, ಭಾಗವತರ ಹಾಡು ಮತ್ತು ಚೆಂಡೆ ಮದ್ದಳೆಯ ಧ್ವನಿ ಮಿಕ್ಸರ್‌ನಿಂದ ನೇರ ರೆಕಾರ್ಡ್ ಆಗಿತ್ತು. ಅದು ಹಾಳಾಗಬಾರದು ಅಂತ ಆ ಆಡಿಯೊ ಟ್ರ್ಯಾಕಿಗೆ, ಅಂದರೆ ಟೈಮ್‌ಲೈನ್‌ನಲ್ಲಿ ಆ ಧ್ವನಿ ಇದ್ದ ಸಾಲಿಗೆ, ಬೀಗ ಹಾಕಿಟ್ಟಿದ್ದೆ. ಒಂದು ಕಡೆ ಯಾರೋ ಕ್ಯಾಮೆರಾದ ಎದುರಿಂದ ಹಾದುಹೋಗಿದ್ದರು. 9 ಫ್ರೇಮ್ ಅಷ್ಟೇ. ಅದನ್ನು ಕತ್ತರಿಸಿ ಡಿಲೀಟ್ ಒತ್ತಿದೆ. ಬೆರಳಿಗೆ ಹಿಂದಿನ ಸಾಫ್ಟ್‌ವೇರಿನ ಅಭ್ಯಾಸ. ಅಲ್ಲಿ ಆ ಕೀ ಒತ್ತಿದರೆ ಖಾಲಿ ಜಾಗ ಉಳಿಯುತ್ತಿತ್ತು. ಇಲ್ಲಿ ಮುಂದಿನ ಚಿತ್ರವೆಲ್ಲ 9 ಫ್ರೇಮ್ ಹಿಂದಕ್ಕೆ ಜರುಗಿ ಆ ಜಾಗ ತುಂಬಿತು. ಬೀಗ ಹಾಕಿದ ಆಡಿಯೊ ಮಾತ್ರ ಇದ್ದಲ್ಲೇ ಇತ್ತು.

ನನಗೆ ಗೊತ್ತೇ ಆಗಲಿಲ್ಲ. ಎರಡು ದಿನ ಅದರ ಮೇಲೆಯೇ ಕೆಲಸ ಮಾಡಿ ಕೊಟ್ಟೆ. ಆಟ ಆಡಿಸಿದ ಮನೆಯ ಹಿರಿಯರು ಫೋನ್ ಮಾಡಿದರು. "ಮಾರ್ರೆ, ಚೆಂಡೆ ಪೆಟ್ಟು ಒಂದು ಕಡೆ, ಕುಣಿಯುದು ಇನ್ನೊಂದು ಕಡೆ ಉಂಟಲ್ಲ?"

ಹಾಕಿ ನೋಡಿದೆ. ಕೋಲು ಚೆಂಡೆಯ ಚರ್ಮಕ್ಕೆ ತಾಗಿ ಮೇಲೆ ಎದ್ದಾದ ಮೇಲೆ ಶಬ್ದ ಬರುತ್ತಿತ್ತು. ವೇಷಧಾರಿಯ ಕಾಲು ನೆಲಕ್ಕೆ ಬಿದ್ದು, ಗೆಜ್ಜೆ ಅಲುಗಿ ನಿಂತ ಮೇಲೆ ಪೆಟ್ಟು. ಸೆಕೆಂಡಿಗೆ 25 ಫ್ರೇಮಿನ ವೀಡಿಯೊದಲ್ಲಿ ಒಂದು ಫ್ರೇಮ್, ಅಂದರೆ ಒಂದು ಚಿತ್ರ, 40 ಮಿಲಿಸೆಕೆಂಡ್, 9 ಫ್ರೇಮ್ ಅಂದರೆ ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಮಾತಿನ ಭಾಗದಲ್ಲಿ, ಅದೂ ದೂರದ ಶಾಟಿನಲ್ಲಿ, ನನ್ನ ಕಣ್ಣಿಗೆ ಅದು ಕಾಣಲಿಲ್ಲ. ಯಕ್ಷಗಾನ ನೋಡಿ ಬೆಳೆದವರ ಕಣ್ಣಿಗೆ ತಪ್ಪುತ್ತದಾ? ಅವರು ಹೇಳಿದ್ದು ಸರಿ.

ಇಲ್ಲಿ ಅನ್‌ಡೂ ಯಾವ ಲೆಕ್ಕಕ್ಕೂ ಇಲ್ಲ. ಎರಡು ದಿನದ ಕೆಲಸ ಬಿಟ್ಟುಕೊಡಲು ಆಗುವುದಿಲ್ಲ. ಧ್ವನಿಯಿಂದಲೂ 9 ಫ್ರೇಮ್ ಕತ್ತರಿಸೋಣ ಅಂದರೆ ಪದ್ಯದ ಮಧ್ಯೆ ತಾಳ ಎಗರುತ್ತದೆ, ಅದು ಮೊದಲಿನದಕ್ಕಿಂತ ದೊಡ್ಡ ತಪ್ಪು. ಹಾಗಾಗಿ ಹಿಂದೆ ಹೋಗದೆ, ಈಗ ಇರುವುದರ ಮೇಲೆಯೇ ಸರಿಮಾಡಬೇಕು. ನಾನು ಮಾಡಿದ್ದು ಹೀಗೆ.

ಮೊದಲು ತಪ್ಪು ಶುರುವಾದ ಜಾಗ ಹುಡುಕಿದೆ. ಮಧ್ಯಕ್ಕೆ ಹೋಗಿ ಒಂದು ಚೆಂಡೆ ಪೆಟ್ಟು ನೋಡುವುದು, ಸರಿ ಇದ್ದರೆ ಮುಂದಿನ ಅರ್ಧದ ಮಧ್ಯಕ್ಕೆ, ತಪ್ಪಿದ್ದರೆ ಹಿಂದಿನ ಅರ್ಧದ ಮಧ್ಯಕ್ಕೆ. ಹೀಗೆ ಹೋದರೆ ಮೂರು ಗಂಟೆಯ ವೀಡಿಯೊದಲ್ಲೂ ಬೇಗ ಸಿಗುತ್ತದೆ. ಆ ಕಟ್‌ನಿಂದ ಮುಂದಿನ ಚಿತ್ರದ ಕ್ಲಿಪ್‌ಗಳನ್ನೆಲ್ಲ ಒಟ್ಟಿಗೆ ಆರಿಸಿಕೊಂಡೆ. ಪ್ರೀಮಿಯರ್‌ನಲ್ಲಿ ಅದಕ್ಕೆ ಎ ಕೀ ಒತ್ತಿದರೆ ಬರುವ ಟೂಲ್, ರಿಸಾಲ್ವ್‌ನಲ್ಲಿ ವೈ ಕೀ. ಆಡಿಯೊದ ಬೀಗ ಹಾಗೆಯೇ ಇರಲಿ. ಈಗ ನಂಬರ್ ಪ್ಯಾಡ್‌ನಲ್ಲಿ ಪ್ಲಸ್ 9 ಒತ್ತಿ ಎಂಟರ್ ಹೊಡೆದರೆ ಎಲ್ಲ ಒಟ್ಟಿಗೆ 9 ಫ್ರೇಮ್ ಮುಂದಕ್ಕೆ ಹೋಗುತ್ತದೆ. ಮಧ್ಯದಲ್ಲಿ 9 ಫ್ರೇಮ್ ಖಾಲಿ ಬಂತು. ಹಿಂದಿನ ಕ್ಲಿಪ್‌ನ ತುದಿ ಹಿಡಿದು ಎಳೆದೆ, ಕತ್ತರಿಸಿದ ಭಾಗ ವಾಪಸ್ ಬಂತು, ಎದುರಿಂದ ಹಾದುಹೋದವರ ಸಮೇತ. ಅವರ ಮೇಲೆ ಎರಡನೇ ಕ್ಯಾಮೆರಾದ ಶಾಟ್ ಹಾಕಿ ಮುಚ್ಚಿದೆ. ಮೊದಲೇ ಹಾಗೆ ಮಾಡಬೇಕಿತ್ತು.

ಈ ಕೀಗಳ ವಿಷಯ ಸರಿಯಾಗಿ ತಿಳಿದುಕೊಳ್ಳಿ, ಯಾಕೆಂದರೆ ಒಂದರಿಂದ ಇನ್ನೊಂದಕ್ಕೆ ಹೋಗುವ ಎಲ್ಲರಿಗೂ ಇದು ಆಗುತ್ತದೆ. ಪ್ರೀಮಿಯರ್‌ನಲ್ಲಿ ಬರೀ ಡಿಲೀಟ್ ಒತ್ತಿದರೆ ಕ್ಲಿಪ್ ಹೋಗಿ ಖಾಲಿ ಜಾಗ ಉಳಿಯುತ್ತದೆ, ಶಿಫ್ಟ್ ಹಿಡಿದು ಡಿಲೀಟ್ ಒತ್ತಿದರೆ ಮುಂದಿನದು ಬಂದು ಜಾಗ ತುಂಬುತ್ತದೆ, ಅದಕ್ಕೆ ರಿಪಲ್ ಡಿಲೀಟ್ ಅನ್ನುತ್ತಾರೆ. ರಿಸಾಲ್ವ್‌ನಲ್ಲಿ ಖಾಲಿ ಜಾಗ ಉಳಿಸುವುದು ಬ್ಯಾಕ್‌ಸ್ಪೇಸ್, ಬರೀ ಡಿಲೀಟ್ ಒತ್ತಿದರೇ ರಿಪಲ್. ಬೀಗ ಅಂದರೆ ರಕ್ಷಣೆ ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ರಿಪಲ್ ಮಾಡುವಾಗ ಬೀಗ ಹಾಕಿದ ಟ್ರ್ಯಾಕ್ ಜೊತೆಗೆ ಬರುವುದಿಲ್ಲ. ಕ್ಯಾಮೆರಾದ ಸ್ವಂತ ಧ್ವನಿ ತನ್ನ ಚಿತ್ರದಿಂದ ಜಾರಿದರೆ ಕ್ಲಿಪ್ ಮೇಲೆ ಕೆಂಪು ಅಂಕಿ ಬರುತ್ತದೆ, ಎಷ್ಟು ಫ್ರೇಮ್ ಜಾರಿದೆ ಅಂತ. ಪ್ರೀಮಿಯರ್‌ನಲ್ಲಿ ಆ ಅಂಕಿಯ ಮೇಲೆ ರೈಟ್ ಕ್ಲಿಕ್ ಮಾಡಿ ಮೂವ್ ಇಂಟು ಸಿಂಕ್ ಕೊಟ್ಟರೆ ಸರಿಹೋಗುತ್ತದೆ. ಆದರೆ ಮಿಕ್ಸರ್‌ನಿಂದ ಬೇರೆಯಾಗಿ ತಂದು ಜೋಡಿಸಿದ ಧ್ವನಿಯನ್ನು ಚಿತ್ರದ ಜೊತೆ ಲಿಂಕ್ ಮಾಡಿರದಿದ್ದರೆ ಯಾವ ಕೆಂಪು ಅಂಕಿಯೂ ಬರುವುದಿಲ್ಲ. ನನಗೆ ಆದದ್ದು ಅದೇ.

ಮಾತು ಬಂದದ್ದಕ್ಕೆ ಇನ್ನೊಂದು. ಮೈದಾನದ ಹಿಂದೆ ಇಟ್ಟ ಕ್ಯಾಮೆರಾದ ಧ್ವನಿ ನೋಡಿ ಮಿಕ್ಸರ್ ಧ್ವನಿ ಹೊಂದಿಸಬೇಡಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ರಂಗಸ್ಥಳದಿಂದ 34 ಮೀಟರ್ ದೂರ ಇದ್ದ ಕ್ಯಾಮೆರಾಕ್ಕೆ ಅದು ತಲುಪುವಾಗ ಎರಡೂವರೆ ಫ್ರೇಮ್ ತಡ ಆಗಿರುತ್ತದೆ. ಕೋಲು ಚರ್ಮಕ್ಕೆ ತಾಗುವ ಫ್ರೇಮ್ ಹುಡುಕಿ, ಧ್ವನಿಯ ಅಲೆಯಲ್ಲಿ ಚೂಪಾಗಿ ಏಳುವ ಜಾಗ ಅದರ ಕೆಳಗೆ ತನ್ನಿ. ಒಂದೊಂದೇ ಫ್ರೇಮ್ ಸರಿಸಲು ಪ್ರೀಮಿಯರ್‌ನಲ್ಲಿ ಆಲ್ಟ್ ಹಿಡಿದು ಬಾಣದ ಕೀ, ರಿಸಾಲ್ವ್‌ನಲ್ಲಿ ಕಾಮಾ ಮತ್ತು ಫುಲ್‌ಸ್ಟಾಪ್.

ಕತ್ತರಿಸಿದ್ದು ಎಲ್ಲಿಗೂ ಹೋಗಿರುವುದಿಲ್ಲ

ಮೇಲೆ ತುದಿ ಹಿಡಿದು ಎಳೆದರೆ ವಾಪಸ್ ಬಂತು ಅಂದೆನಲ್ಲ, ಹೊಸಬರಿಗೆ ನಾನು ಮೊದಲು ತೋರಿಸುವುದೇ ಅದನ್ನು. ನೀವು ಟೈಮ್‌ಲೈನ್‌ನಲ್ಲಿ ಕತ್ತರಿಸುವುದು ನಿಜವಾದ ವೀಡಿಯೊ ಅಲ್ಲ. ಯಾವ ಫೈಲ್, ಎಲ್ಲಿಂದ ಎಲ್ಲಿಯವರೆಗೆ, ಯಾವ ಜಾಗದಲ್ಲಿ, ಇಷ್ಟನ್ನೇ ಪ್ರಾಜೆಕ್ಟ್ ಬರೆದಿಟ್ಟುಕೊಳ್ಳುತ್ತದೆ. ಡಿಸ್ಕ್‌ನಲ್ಲಿ ಇರುವ ಅಸಲು ಫೈಲ್ ಹಾಗೆಯೇ ಇರುತ್ತದೆ. ಪ್ರಾಜೆಕ್ಟ್ ಬಿನ್‌ನಿಂದ ಕ್ಲಿಪ್ ತೆಗೆದರೂ ಅದು ಪಟ್ಟಿಯಿಂದ ಹೋಗುತ್ತದೆ ಅಷ್ಟೇ, ಮತ್ತೆ ಇಂಪೋರ್ಟ್ ಮಾಡಿದರಾಯಿತು. ಟೈಮ್‌ಲೈನ್‌ನಲ್ಲಿ ಉಳಿದ ತುಂಡಿನ ಮೇಲೆ ನಿಂತು ಎಫ್ ಕೀ ಒತ್ತಿ ನೋಡಿ. ಪ್ರೀಮಿಯರ್, ರಿಸಾಲ್ವ್ ಎರಡರಲ್ಲೂ ಆ ತುಂಡಿನ ಅಸಲು ಕ್ಲಿಪ್ ಪಕ್ಕದ ಕಿಟಕಿಯಲ್ಲಿ ಅದೇ ಫ್ರೇಮಿಗೆ ತೆರೆದುಕೊಳ್ಳುತ್ತದೆ. ಎರಡು ವಾರದ ಹಿಂದೆ ಬೇಡ ಅಂತ ಬಿಟ್ಟ ಶಾಟ್ ಈಗ ಬೇಕು ಅಂದಾಗ ನಾನು ಹುಡುಕುವುದು ಹೀಗೆಯೇ.

ಯಾವ ಹೆಜ್ಜೆಯಲ್ಲಿ ತಪ್ಪಾಯಿತು ಅಂತ ಪಟ್ಟಿಯಾಗಿ ನೋಡಲು ಹಿಸ್ಟರಿ ಕಿಟಕಿ ಉಂಟು. ಪ್ರೀಮಿಯರ್‌ನಲ್ಲಿ ವಿಂಡೋ ಮೆನುವಿನಲ್ಲಿ ಹಿಸ್ಟರಿ, ರಿಸಾಲ್ವ್‌ನಲ್ಲಿ ಎಡಿಟ್ ಮೆನುವಿನ ಹಿಸ್ಟರಿ ಒಳಗೆ, ಶಾಟ್‌ಕಟ್ ಅನ್ನುವ ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ವ್ಯೂ ಮೆನುವಿನಲ್ಲಿ. ಬೇಕಾದ ಸಾಲಿನ ಮೇಲೆ ಕ್ಲಿಕ್ ಮಾಡಿದರೆ ನೇರ ಅಲ್ಲಿಗೆ ಹೋಗುತ್ತದೆ. ಪ್ರೀಮಿಯರ್ ಮಾಮೂಲಿಯಾಗಿ 32 ಹೆಜ್ಜೆ ನೆನಪಿಡುತ್ತದೆ, ಆ ಪ್ಯಾನೆಲ್‌ನ ಸೆಟ್ಟಿಂಗ್ಸ್‌ನಲ್ಲಿ ಅದನ್ನು 100ರ ವರೆಗೆ ಏರಿಸಬಹುದು. ಏರಿಸಿಡಿ. ಪ್ರಾಜೆಕ್ಟ್ ಮುಚ್ಚಿದರೆ ಈ ಪಟ್ಟಿ ಹೋಯಿತು, ಅದಕ್ಕೇ ಏನೋ ಎಡವಟ್ಟಾಗಿದೆ ಅನಿಸಿದಾಗ "ಒಮ್ಮೆ ಮುಚ್ಚಿ ತೆರೆದು ನೋಡುವ" ಅಂತ ಮಾಡಬೇಡಿ.

ಕಲರ್ ಮಾಡುವವರಿಗೆ ರಿಸಾಲ್ವ್‌ನಲ್ಲಿ ಒಂದು ಅನುಕೂಲ ಇದೆ. ಕಲರ್ ಪೇಜ್‌ನಲ್ಲಿ ಪ್ರತಿ ಕ್ಲಿಪ್‌ಗೂ ಅದರದ್ದೇ ಅನ್‌ಡೂ. ಹತ್ತು ಕ್ಲಿಪ್ ಹಿಂದೆ ಮದುಮಗಳ ಸೀರೆಯ ಬಣ್ಣ ಕೆಡಿಸಿದ್ದರೆ ಆ ಕ್ಲಿಪ್‌ಗೇ ಹೋಗಿ ಕಂಟ್ರೋಲ್ ಝಡ್ ಒತ್ತಿ, ಉಳಿದ ಕ್ಲಿಪ್‌ಗಳಿಗೆ ಏನೂ ಆಗುವುದಿಲ್ಲ.

ಸೇವ್ ಮಾಡಿ ಮುಚ್ಚಿಯಾಯಿತು ಅಂದರೆ

ಈಗ ಆ ಹುಡುಗನ ವಿಷಯ. ರೀಡೂ ಹೋಗಿತ್ತು, ಬೆಳಿಗ್ಗಿನ ಕೆಲಸ ಇರಲಿಲ್ಲ. ಆದರೆ ಪ್ರಾಜೆಕ್ಟ್ ಫೈಲ್ ಇದ್ದ ಫೋಲ್ಡರಿನ ಒಳಗೆ ಆಟೋ ಸೇವ್ ಅಂತ ಇನ್ನೊಂದು ಫೋಲ್ಡರ್ ಇತ್ತು. ಅದರಲ್ಲಿ ದಿನಾಂಕ, ಸಮಯದ ಸಮೇತ ಸಾಲು ಸಾಲು ಕಾಪಿ. ಅವನು ಕೂಗುವುದಕ್ಕೆ ನಾಲ್ಕು ನಿಮಿಷ ಮೊದಲಿನದ್ದು ಸಿಕ್ಕಿತು. ತೆರೆದ ಕೂಡಲೇ ಬೇರೆ ಹೆಸರು ಕೊಟ್ಟು ಸೇವ್ ಮಾಡಿಸಿದೆ. ಒಂದು ಟೈಟಲ್ ಮಾತ್ರ ಮತ್ತೆ ಹಾಕಬೇಕಾಯಿತು.

ಇದು ತಾನಾಗಿ ಆಗುತ್ತದೆ ಅಂತ ನಂಬಿ ಕೂರಬೇಡಿ, ಇವತ್ತೇ ಒಮ್ಮೆ ನೋಡಿ. ಪ್ರೀಮಿಯರ್‌ನಲ್ಲಿ ಪ್ರಿಫರೆನ್ಸಸ್ ಒಳಗೆ ಆಟೋ ಸೇವ್ ಇರುತ್ತದೆ, ಸಮಯ 5 ನಿಮಿಷ ಇಡಿ, ಎಷ್ಟು ಕಾಪಿ ಉಳಿಯಬೇಕು ಅನ್ನುವಲ್ಲಿ ದೊಡ್ಡ ಅಂಕಿ ಕೊಡಿ. ಪ್ರಾಜೆಕ್ಟ್ ಫೈಲ್ ವೀಡಿಯೊದ ಎದುರು ತುಂಬ ಸಣ್ಣದು, ಜಾಗದ ಚಿಂತೆ ಬೇಡ. ಕೆಡೆನ್‌ಲೈವ್ ಬಳಸುವವರಿಗೆ ಫೈಲ್ ಮೆನುವಿನಲ್ಲಿ ಓಪನ್ ಬ್ಯಾಕಪ್ ಫೈಲ್ ಇದೆ.

ರಿಸಾಲ್ವ್‌ನವರು ಇದನ್ನು ಸ್ವಲ್ಪ ನಿಧಾನ ಓದಿ. ಅದರಲ್ಲಿ ಲೈವ್ ಸೇವ್ ಅಂತ ಇದೆ, ನೀವು ಮಾಡಿದ ಪ್ರತಿ ಬದಲಾವಣೆಯನ್ನೂ ಆಗಿಂದಾಗ ಬರೆದಿಡುತ್ತದೆ. ನಮ್ಮ ಕಡೆ ಜೂನ್ ಜುಲೈಯಲ್ಲಿ ಗುಡುಗು ಶುರುವಾಗುವ ಮೊದಲೇ ಕರೆಂಟ್ ಹೋಗುತ್ತದಲ್ಲ, ಅದಕ್ಕೆ ಇದು ಬಹಳ ಒಳ್ಳೆಯದು. ಆದರೆ ನಿಮ್ಮ ತಪ್ಪನ್ನೂ ಅದು ಅಷ್ಟೇ ಬೇಗ ಬರೆದಿಡುತ್ತದೆ. ಕರೆಂಟಿನಿಂದ ಉಳಿಸುವುದು ಬೇರೆ, ತಪ್ಪಿನಿಂದ ಉಳಿಸುವುದು ಬೇರೆ. ಎರಡನೆಯದಕ್ಕೆ ಪ್ರಾಜೆಕ್ಟ್ ಬ್ಯಾಕಪ್ಸ್ ಬೇಕು. ಪ್ರಿಫರೆನ್ಸಸ್‌ನಲ್ಲಿ ಯೂಸರ್, ಅದರೊಳಗೆ ಪ್ರಾಜೆಕ್ಟ್ ಸೇವ್ ಆ್ಯಂಡ್ ಲೋಡ್. ಅಲ್ಲಿ ಬ್ಯಾಕಪ್‌ಗೆ ಟಿಕ್ ಇದೆಯಾ ನೋಡಿ. ಟಿಕ್ ಇದ್ದರೆ ಮಾಮೂಲಿಯಾಗಿ 10 ನಿಮಿಷಕ್ಕೊಂದು ಕಾಪಿ, ಹಿಂದಿನ 8 ಗಂಟೆಗೆ ಗಂಟೆಗೊಂದು, ಹಿಂದಿನ 5 ದಿನಕ್ಕೆ ದಿನಕ್ಕೊಂದು ಉಳಿಯುತ್ತದೆ. ಬೇಕಾದಾಗ ಪ್ರಾಜೆಕ್ಟ್ ಮ್ಯಾನೇಜರ್‌ನಲ್ಲಿ ಪ್ರಾಜೆಕ್ಟಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಜೆಕ್ಟ್ ಬ್ಯಾಕಪ್ಸ್ ತೆರೆಯಿರಿ. ಈಚಿನ ಆವೃತ್ತಿಗಳಲ್ಲಿ ಒಂದು ಟೈಮ್‌ಲೈನ್ ಮಾತ್ರ ಹಿಂದಿನ ಸ್ಥಿತಿಗೆ ತರಲೂ ಆಗುತ್ತದೆ, ಟೈಮ್‌ಲೈನಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಗುತ್ತದೆ. ಬ್ಯಾಕಪ್ ಇರುವುದು ಪ್ರಾಜೆಕ್ಟಿಗೆ ಮಾತ್ರ, ವೀಡಿಯೊ ಫೈಲ್‌ಗಳಿಗೆ ಅಲ್ಲ.

ಇಷ್ಟೆಲ್ಲ ಇದ್ದರೂ ನಾನು ಹೆಚ್ಚು ನಂಬುವುದು ಒಂದು ಸಣ್ಣ ಅಭ್ಯಾಸವನ್ನು. ದೊಡ್ಡ ಬದಲಾವಣೆಗೆ ಕೈ ಹಾಕುವ ಮೊದಲು ಟೈಮ್‌ಲೈನಿನ ಮೇಲೆ ರೈಟ್ ಕ್ಲಿಕ್ ಮಾಡಿ ಡುಪ್ಲಿಕೇಟ್ ಕೊಡುತ್ತೇನೆ. ಹೆಸರಲ್ಲೇ ದಿನಾಂಕ, ಏನು ಮಾಡಲು ಹೊರಟಿದ್ದೇನೆ ಅಂತ ಎರಡು ಪದ. "18 ರಾತ್ರಿ, ಹಾಡು ಬದಲಿಸುವ ಮೊದಲು." ಮನೆಯವರು ಬಂದು ನೋಡಿ "ಮೊದಲಿನದ್ದೇ ಚೆನ್ನಾಗಿತ್ತು" ಅಂದಾಗ ಅದನ್ನು ತೆರೆದು ತೋರಿಸಿದರೆ ಆಯಿತು. ಅವರು ಹಾಗೆ ಹೇಳಿಯೇ ಹೇಳುತ್ತಾರೆ.

ಫೋನ್‌ನಲ್ಲಿ ಮಾಡುವವರಿಗೆ

ಕೈನ್‌ಮಾಸ್ಟರ್, ವಿಎನ್, ಇನ್‌ಶಾಟ್ ಯಾವುದೇ ಇರಲಿ, ಎಡಕ್ಕೆ ಬಾಗಿದ ಬಾಣ ಅನ್‌ಡೂ, ಬಲಕ್ಕೆ ಬಾಗಿದ ಬಾಣ ರೀಡೂ. ನಿಯಮ ಅದೇ, ಹಿಂದೆ ಹೋದ ಮೇಲೆ ಬೇರೆ ಏನನ್ನೂ ಮುಟ್ಟಬಾರದು. ಫೋನ್‌ನಲ್ಲಿ ಬೆರಳು ತಾಗಿದರೂ ಕ್ಲಿಪ್ ಜರುಗುತ್ತದೆ, ಹಾಗಾಗಿ ಇನ್ನೂ ಜಾಗ್ರತೆ ಬೇಕು. ಎಡಿಟ್ ಮುಗಿಯುವ ಮೊದಲು ಜಾಗ ಸಾಲುವುದಿಲ್ಲ ಅಂತ ಗ್ಯಾಲರಿಯ ವೀಡಿಯೊ ಅಳಿಸಬೇಡಿ, ಆ್ಯಪ್‌ನ ಡೇಟಾ ಕ್ಲಿಯರ್ ಮಾಡಬೇಡಿ. ಅಳಿಸಿಯಾಯಿತು ಅಂದರೆ ಕೂಡಲೇ ಕಸದ ಡಬ್ಬ ನೋಡಿ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದದ್ದು 60 ದಿನ, ಆಗದ್ದು 30 ದಿನ ಅಲ್ಲಿ ಇರುತ್ತದೆ. ಐಫೋನ್‌ನಲ್ಲಿ ರೀಸೆಂಟ್ಲಿ ಡಿಲೀಟೆಡ್ ಅನ್ನುವಲ್ಲಿ 30 ದಿನ.

ಅನ್‌ಡೂ ತಲುಪದ ಜಾಗ

ತೆರೆದಾಗ ಇಡೀ ಪರದೆ ಕೆಂಪಾಗಿ ಮೀಡಿಯಾ ಆಫ್‌ಲೈನ್ ಅಂತ ಬಂದರೆ ಗಾಬರಿ ಬೇಡ. ಹೆಚ್ಚಿನ ಸಲ ಯಾರೋ ಫೋಲ್ಡರಿನ ಹೆಸರು ಬದಲಿಸಿರುತ್ತಾರೆ, ಅಥವಾ ಹಾರ್ಡ್ ಡಿಸ್ಕ್ ಚುಚ್ಚಿರುವುದಿಲ್ಲ. ಹೆಸರು ಮೊದಲಿನ ಹಾಗೆ ಮಾಡಿ, ಇಲ್ಲವಾದರೆ ಪ್ರೀಮಿಯರ್‌ನಲ್ಲಿ ಲಿಂಕ್ ಮೀಡಿಯಾ, ರಿಸಾಲ್ವ್‌ನಲ್ಲಿ ರೀಲಿಂಕ್ ಕೊಟ್ಟು ಫೈಲ್ ಎಲ್ಲಿದೆ ಅಂತ ತೋರಿಸಿ. ಸಿಟ್ಟಲ್ಲಿ ಆ ಕೆಂಪು ಕ್ಲಿಪ್‌ಗಳನ್ನು ಅಳಿಸಿದರೆ ಮಾತ್ರ ಕೆಲಸ ಹೋಗುತ್ತದೆ.

ಮೆಮೊರಿ ಕಾರ್ಡೇ ಖಾಲಿ ಆಗಿದ್ದರೆ ಅದು ಬೇರೆ ಮಟ್ಟದ ತಪ್ಪು. ನನ್ನ ಒಬ್ಬ ಗೆಳೆಯನಿಗೆ ಉಡುಪಿ ಪರ್ಯಾಯದಲ್ಲಿ ಹೀಗಾಯಿತು. ಜೋಡುಕಟ್ಟೆಯಿಂದ ರಥಬೀದಿಗೆ ಬರುವ ಮೆರವಣಿಗೆ, ಜನವರಿ 18ರ ನಸುಕು. ಕಾರ್ಡ್ ಬದಲಿಸುವ ಗಡಿಬಿಡಿಯಲ್ಲಿ ತುಂಬಿದ ಕಾರ್ಡನ್ನೇ ಮತ್ತೆ ಹಾಕಿ ಫಾರ್ಮ್ಯಾಟ್ ಕೊಟ್ಟಿದ್ದ. ಎಂಟು ಮಠ, ಕೃಷ್ಣನ ಪೂಜೆಗೆ ಎರಡೆರಡು ವರ್ಷದ ಸರದಿ, ಒಂದು ಮಠದ ಪರ್ಯಾಯ ಮತ್ತೆ ಬರುವುದು 16 ವರ್ಷಕ್ಕೆ. ಇನ್ನೊಮ್ಮೆ ತೆಗೆಯುವ ಅಂತ ಹೇಳಲು ಇಲ್ಲ.

ಅವನು ಮಾಡಿದ ಒಳ್ಳೆ ಕೆಲಸ ಒಂದೇ. ಕೂಡಲೇ ಕಾರ್ಡ್ ಹೊರಗೆ ತೆಗೆದು, ಅದರ ಸಣ್ಣ ಬೀಗದ ಗುಂಡಿ ಸರಿಸಿ, ಕಿಸೆಗೆ ಹಾಕಿಕೊಂಡ. ಅದರಲ್ಲಿ ಒಂದು ಸೆಕೆಂಡ್ ಕೂಡ ಮತ್ತೆ ಶೂಟ್ ಮಾಡಲಿಲ್ಲ. ಅಳಿಸಿದಾಗ ಸಾಮಾನ್ಯವಾಗಿ ಹೋಗುವುದು ಫೈಲ್‌ಗಳ ಪಟ್ಟಿ ಮಾತ್ರ, ಒಳಗಿನ ವೀಡಿಯೊ ಅದರ ಮೇಲೆ ಬೇರೆ ಬರೆಯುವವರೆಗೆ ಅಲ್ಲೇ ಇರುತ್ತದೆ. ಸಂಜೆ ಇಬ್ಬರೂ ಕೂತು ಫೋಟೊರೆಕ್ ಹಾಕಿದೆವು, ಅದು ಉಚಿತ ತಂತ್ರಾಂಶ. ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಬರೆಯದೆ ಕಂಪ್ಯೂಟರಿನ ಬೇರೆ ಡ್ರೈವ್‌ಗೆ ಬರೆಸಬೇಕು, ಇದು ತಪ್ಪಿದರೆ ಮುಗಿಯಿತು. ಕಂಪ್ಯೂಟರಿನ ಎಸ್‌ಎಸ್‌ಡಿಯಿಂದ ಅಳಿಸಿದ್ದಾದರೆ ಇಷ್ಟು ಆಸೆ ಇಟ್ಟುಕೊಳ್ಳಬೇಡಿ, ಅದು ಅಳಿಸಿದ ಜಾಗವನ್ನು ತಾನೇ ತೊಳೆದಿಡುತ್ತದೆ.

ಫೈಲ್‌ಗಳು ಒಂದೊಂದಾಗಿ ಬರತೊಡಗಿದವು. ಫೋಟೊರೆಕ್‌ನಲ್ಲಿ ಹಳೇ ಹೆಸರು ಯಾವುದೂ ಉಳಿಯುವುದಿಲ್ಲ, ಬರೀ ಅಂಕಿ. ನಾಲ್ಕು ವೀಡಿಯೊ ತೆರೆಯಲೇ ಇಲ್ಲ. ಉಳಿದವನ್ನು ಒಂದೊಂದೇ ಹಾಕಿ ನೋಡಿ, ಮೊದಲನೆಯ ಟ್ಯಾಬ್ಲೊ, ಎರಡನೆಯದು, ಪಲ್ಲಕ್ಕಿ, ರಥಬೀದಿಯ ತಿರುವು ಅಂತ ಹೆಸರು ಕೊಡುತ್ತಾ ಹೋದೆವು. ಮುಗಿಯುವಾಗ ಬೆಳಗಿನ ಜಾವ ಮೂರೂವರೆ. ಎಡಿಟಿಂಗ್ ಶುರು ಮಾಡುವ ಮೊದಲು ಅವನು ಆ ಫೋಲ್ಡರನ್ನು ಎರಡು ಹಾರ್ಡ್ ಡಿಸ್ಕಿಗೆ ಕಾಪಿ ಹಾಕಿ, ಒಂದನ್ನು ನನ್ನ ಮನೆಯಲ್ಲೇ ಬಿಟ್ಟು ಹೋದ.